ತ್ಸುಶಿಮಾ: ಗದ್ದೆಗೆ ಜಾಗ ಇಲ್ಲದ ದ್ವೀಪ, ಗದ್ದೆ ನಂಬಿದ ಬೆಕ್ಕು

ಜಪಾನಿನ ತ್ಸುಶಿಮಾ ದ್ವೀಪದ ಉತ್ತರ ತುದಿಯಲ್ಲಿ ನಿಂತರೆ, ಮೋಡ ಇಲ್ಲದ ದಿನ ಕೊರಿಯಾದ ಬುಸಾನ್ ಕಾಣುತ್ತದೆ. ನಡುವೆ ಇರುವುದು ಸುಮಾರು 50 ಕಿಲೋಮೀಟರ್ ಸಮುದ್ರ ಅಷ್ಟೇ. ಜಪಾನಿನದೇ ಊರಾದ ಫುಕುವೋಕಾ ಅದಕ್ಕಿಂತ ಎಷ್ಟೋ ದೂರ. ಒಂದು ಕಾಲಕ್ಕೆ ಈ ದ್ವೀಪವೇ ಒಂದು ಪ್ರಾಂತ್ಯ. ಸೋ ಮನೆತನ ಇಲ್ಲಿ ನೂರಾರು ವರ್ಷ ಆಳಿತು. 1871ರಲ್ಲಿ ಜಪಾನಿನ ಸಂಸ್ಥಾನಗಳು ರದ್ದಾದವು. ಮರುವರ್ಷ ತ್ಸುಶಿಮಾ ನಾಗಸಾಕಿಗೆ ಸೇರಿತು.

ಇಲ್ಲಿ ನೂರಕ್ಕೆ ಸುಮಾರು 90 ಪಾಲು ಕಾಡು, ಅದೂ ಕಡಿದಾದ ಗುಡ್ಡ. ಮೂರನೇ ಶತಮಾನದ ಚೀನೀ ದಾಖಲೆಯೊಂದು ಇಲ್ಲಿಯವರ ಬದುಕನ್ನು ಆಗಲೇ ಬರೆದಿಟ್ಟಿದೆ: ದಟ್ಟ ಕಾಡು, ಒಳ್ಳೆಯ ಗದ್ದೆಗಳಿಲ್ಲ, ಜನ ಸಮುದ್ರದಲ್ಲಿ ಸಿಕ್ಕಿದ್ದನ್ನು ತಿನ್ನುತ್ತಾರೆ, ದೋಣಿ ಹತ್ತಿ ಕಾಳು ತರುತ್ತಾರೆ. ಕೊರಿಯಾದ ಜೊತೆಗಿನ ವ್ಯಾಪಾರ ಈ ದ್ವೀಪಕ್ಕೆ ಅನ್ನದ ಪ್ರಶ್ನೆಯಾಗಿತ್ತು. 1592ರಲ್ಲಿ ಜಪಾನನ್ನು ಆಳುತ್ತಿದ್ದ ಹಿದೆಯೋಶಿ ಕೊರಿಯಾದ ಮೇಲೆ ದಂಡೆತ್ತಿ ಹೋದಾಗ ಆ ದಾರಿ ಮುಚ್ಚಿತು. ಯುದ್ಧ ಮುಗಿದ ಮೇಲೆ ಎರಡೂ ಕಡೆಯವರನ್ನು ಒಪ್ಪಿಸಲು ಸೋ ಮನೆತನದವರು ಎರಡು ಸರಕಾರಗಳ ನಡುವಿನ ಪತ್ರಗಳನ್ನೇ ತಿದ್ದಿ ಕಳಿಸಿದರು. ಹೊಟ್ಟೆಪಾಡು ಅಲ್ವಾ!

ಉಳಿದ ಬೆಳೆ ಗುಡ್ಡದ ಮೇಲೆ. ಕಾಡು ಕಡಿದು, ಸುಟ್ಟು, ಬಿತ್ತುತ್ತಿದ್ದರು. ನಮ್ಮ ಮಲೆನಾಡಿನ ಕುಮರಿ ಬೇಸಾಯದ ಹಾಗೇ. ಆ ಬೆಳೆಗೆ ಕಾಡುಹಂದಿಗಳ ಕಾಟ. ಬೆವರು ಸುರಿಸಿ ಬೆಳೆದದ್ದು ಒಂದು ರಾತ್ರಿಯಲ್ಲಿ ಹೋದರೆ ಹೇಗಿರುತ್ತದೆ ಎಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. 1700ರಲ್ಲಿ ಸುಯಾಮಾ ಎಂಬ ಅಧಿಕಾರಿ ಒಂದು ಯೋಜನೆ ಮಾಡಿದ. ದ್ವೀಪವನ್ನು ಬೇಲಿ ಹಾಕಿ ಭಾಗ ಮಾಡುವುದು, ಒಂದೊಂದೇ ಭಾಗದಲ್ಲಿ ಹಂದಿಗಳನ್ನು ಪೂರ್ತಿ ಮುಗಿಸುವುದು. ಪ್ರಾಣಿ ಕೊಂದರೆ ಕಠಿಣ ಶಿಕ್ಷೆ ಕೊಡುತ್ತಿದ್ದ ಶೋಗನ್ (ಜಪಾನನ್ನು ಆಳುವ ಸೇನಾಧಿಪತಿ) ತ್ಸುನಯೋಶಿಯ ಕಾಲ ಅದು. ಆದರೂ ಬಿಡಲಿಲ್ಲ. 1709ರ ಹೊತ್ತಿಗೆ ಸುಮಾರು 80 ಸಾವಿರ ಹಂದಿಗಳು ಸತ್ತವು, ಹಂದಿಯ ಸುಳಿವೇ ಇಲ್ಲದಾಯಿತು. ಅವು ಮತ್ತೆ ಕಾಣಿಸಿದ್ದು 1990ರ ದಶಕದಲ್ಲಿ.

ಈ ಗುಡ್ಡಗಳಲ್ಲೇ ತ್ಸುಶಿಮಾ ಯಾಮಾನೆಕೊ ಇದೆ. ಯಾಮಾನೆಕೊ ಅಂದರೆ ಬೆಟ್ಟದ ಬೆಕ್ಕು. ನಮ್ಮ ಪಶ್ಚಿಮ ಘಟ್ಟದ ಕಾಡಲ್ಲಿ, ಕಾಫಿ ತೋಟದಲ್ಲಿ ಓಡಾಡುವ ಚಿರತೆ ಬೆಕ್ಕಿನ ಜಾತಿಯೇ ಇದು. ಸುಮಾರು ಒಂದು ಲಕ್ಷ ವರ್ಷದ ಹಿಂದೆ ಏಷ್ಯಾ ಖಂಡದಿಂದ ಬಂದು ಇಲ್ಲೇ ಉಳಿದುಕೊಂಡಿತು. ತ್ಸುಶಿಮಾದ ಈ ಉಪಜಾತಿ ಜಪಾನಿನಲ್ಲಿ ಬೇರೆಲ್ಲೂ ಇಲ್ಲ. ಈಗ ಉಳಿದಿರುವುದು ಹೆಚ್ಚುಕಮ್ಮಿ ನೂರು.

ಕಾಡು ಇಷ್ಟಿದ್ದೂ ಬೆಕ್ಕು ಏಕೆ ಕಮ್ಮಿಯಾಯಿತು? ಅದಕ್ಕೆ ಬೇಕಾದದ್ದು ಸುಮ್ನೆ ಮರಗಳಲ್ಲ, ಇಲಿ. ಇಲಿ, ಕಪ್ಪೆ, ಹಕ್ಕಿ ಜಾಸ್ತಿ ಸಿಗುವುದು ಗದ್ದೆಯಂಚಿನಲ್ಲಿ, ಪೊದೆಗಳಲ್ಲಿ. 1960ರಲ್ಲಿ ಸುಮಾರು 70 ಸಾವಿರ ಇದ್ದ ಜನ 2020ರಲ್ಲಿ 28 ಸಾವಿರದ ಆಸುಪಾಸಿಗೆ ಇಳಿದರು. ಗದ್ದೆಗಳು ಬೀಳುಬಿದ್ದವು. ಇದ್ದಿಲು ಸುಡುತ್ತಿದ್ದ ಮಿಶ್ರ ಕಾಡಿನ ಎಷ್ಟೋ ಜಾಗದಲ್ಲಿ ಸಾಲು ಸಾಲು ಸುಗಿ (ಸೂಜಿ ಎಲೆಯ ಜಪಾನೀ ಮರ) ಬಂತು. ಜಿಂಕೆಗಳು ಮಿತಿಮೀರಿ ಬೆಳೆದು ನೆಲದ ಹಸಿರನ್ನೇ ತಿಂದುಹಾಕಿದವು. ಇನ್ನು ರಸ್ತೆಯಲ್ಲಿ ಕಾರಿಗೆ ಸಿಕ್ಕಿ ಸಾಯುವ ಬೆಕ್ಕುಗಳು ಬೇರೆ. ಮನುಷ್ಯ ಜಾಗ ಬಿಟ್ಟರೆ ಪ್ರಾಣಿ ಉಳಿಯುತ್ತದೆ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ದ್ವೀಪದ ಉತ್ತರದಲ್ಲಿ ಸಾಗೊ ಎಂಬ ಬಯಲಿದೆ. ತ್ಸುಶಿಮಾದಲ್ಲಿ ಗದ್ದೆಗೆ ಸಮತಟ್ಟು ನೆಲ ಸಿಗುವ ಕೆಲವೇ ಜಾಗಗಳಲ್ಲಿ ಅದೂ ಒಂದು. ಅಲ್ಲಿನ ಕೆಲವು ರೈತರು ಔಷಧಿ ಹೊಡೆಯುವುದನ್ನು ಕಮ್ಮಿ ಮಾಡಿ, ಕಪ್ಪೆ ಹುಳಗಳನ್ನು ಉಳಿಸಿಕೊಂಡು ಭತ್ತ ಬೆಳೆಯುತ್ತಿದ್ದಾರೆ. ಆ ಅಕ್ಕಿಯನ್ನು ಯಾಮಾನೆಕೊ ಹೆಸರಲ್ಲೇ ಮಾರುತ್ತಾರೆ.