ಒಂಬತ್ತನೇ ಕ್ಲಾಸಿನ ಮೊದಲ ಮೂರು ತಿಂಗಳು

ಓದುಗರ ಪ್ರಶ್ನೆ: ಮುಂಬಯಿಯ ಮುನಿಸಿಪಾಲ್ಟಿ ಶಾಲೆಗಳಿಗೆ ಹೋಗುವ ನಮ್ಮ ಕನ್ನಡದ ಮಕ್ಕಳಲ್ಲಿ ಎಷ್ಟೋ ಜನ ಎಸ್ಸೆಸ್ಸಿ, ಅಂದರೆ ಹತ್ತನೇ ಕ್ಲಾಸ್, ಮುಗಿಸುವುದೇ ಇಲ್ಲ. ನಮ್ಮ ಸಂಘದಿಂದ ಹತ್ತನೆಯವರಿಗೆ ಉಚಿತ ಕೋಚಿಂಗ್ ಶುರು ಮಾಡಬೇಕು ಅಂತಿದ್ದೇವೆ. ಅದರಿಂದ ಉಪಯೋಗ ಆಗುತ್ತಾ?

ಆಗುತ್ತದೆ, ಹತ್ತನೇ ಕ್ಲಾಸಿನವರೆಗೆ ಬಂದು ಮುಟ್ಟಿದ ಮಕ್ಕಳಿಗೆ. ನೀವು ಯಾರ ಚಿಂತೆ ಮಾಡುತ್ತಿದ್ದೀರೋ ಅವರಲ್ಲಿ ಎಷ್ಟೋ ಜನ ಅಷ್ಟರೊಳಗೇ ಶಾಲೆ ಬಿಟ್ಟಿರುತ್ತಾರೆ. ನಿಮ್ಮ ಹತ್ತಿರ ಇರುವುದು ಒಂದು ಕೋಣೆ, ಒಬ್ಬರು ಟೀಚರ್ ಅಂತಾದರೆ, ದಯವಿಟ್ಟು ಅದನ್ನು ಒಂಬತ್ತನೆಯವರಿಗೆ ಕೊಡಿ. ಅದರಲ್ಲೂ ಜೂನ್ ಮಧ್ಯದಲ್ಲಿ ಶಾಲೆ ಶುರುವಾದಾಗಿನಿಂದ ಗಣಪತಿ ಹಬ್ಬದವರೆಗಿನ ದಿನಗಳಿಗೆ.

ಒಂಬತ್ತೇ ಯಾಕೆ? ಎಂಟರವರೆಗೆ ಮಗುವನ್ನು ಹಿಡಿದಿಡುವ ಕೈಗಳು ತುಂಬಾ ಇವೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ, ಅಂದರೆ ಎಂಟನೇ ಕ್ಲಾಸ್ ಮುಗಿಯುವವರೆಗೆ. ಕೇಂದ್ರದ ಯೋಜನೆಯ ಮಧ್ಯಾಹ್ನದ ಊಟವೂ ಎಂಟರವರೆಗೇ. ಕರ್ನಾಟಕದಲ್ಲಾದರೆ ಹತ್ತರವರೆಗೂ ಬಿಸಿಯೂಟ ಇದೆ. ಊರಿಂದ ಬಂದ ತಾಯಂದಿರು ಇಲ್ಲಿ ಯಾಕಿಲ್ಲ ಅಂತ ಕೇಳುತ್ತಾರೆ. ನನಗೂ ಅದು ನ್ಯಾಯವಾದ ಪ್ರಶ್ನೆ ಅನಿಸುತ್ತದೆ. ಬೆಳೆಯುವ ಹುಡುಗನಿಗೆ ಹದಿನಾಲ್ಕಕ್ಕೆ ಹಸಿವು ಜಾಸ್ತಿಯೇ ಆಗುತ್ತದೆ, ಅಲ್ವಾ?

ಇದರ ಜೊತೆ ಶಾಲೆಯೂ ಬದಲಾಗುತ್ತದೆ. ಮುಂಬಯಿ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅದರಲ್ಲೊಂದು. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಕನ್ನಡದಲ್ಲೂ ಪುಸ್ತಕ ಅಚ್ಚು ಹಾಕುತ್ತದೆ. ಆದರೆ ಪ್ರಾಥಮಿಕ ಶಾಲೆಗಳಷ್ಟು ಹೈಸ್ಕೂಲುಗಳು ಇಲ್ಲ. ಏಳೋ ಎಂಟೋ ಮುಗಿದ ಮೇಲೆ ಲೀವಿಂಗ್ ಸರ್ಟಿಫಿಕೇಟ್ ತೆಗೆದುಕೊಂಡು, ರೈಲು ಹಿಡಿದು ದೂರದ ಕನ್ನಡ ಹೈಸ್ಕೂಲಿಗೆ ಹೋಗಬೇಕು. ಇಲ್ಲವೇ ಮನೆ ಹತ್ತಿರದ ಇಂಗ್ಲಿಷ್ ಅಥವಾ ಮರಾಠಿ ಮಾಧ್ಯಮಕ್ಕೆ ಸೇರಬೇಕು. ಹಾಗೆ ಸೇರಿದ ಮಗುವಿಗೆ ನಿನ್ನೆಯವರೆಗಿನ 'ಛೇದ' ಇವತ್ತು 'ಡಿನಾಮಿನೇಟರ್'. ಲೆಕ್ಕ ಅದೇ, ಹೆಸರು ಬೇರೆ. ಗೊತ್ತಿದ್ದರೂ ಬಾಯಿ ಬಿಡಲಾಗದೆ ಮಗು ಹಿಂದಿನ ಬೆಂಚಿಗೆ ಹೋಗಿ ಕೂರುತ್ತದೆ.

ನಾನು ಸಂಜೆ ಹೊತ್ತು ಪಾಠ ಹೇಳುವ ಕಡೆ ಒಬ್ಬ ಹುಡುಗ ಬರುತ್ತಿದ್ದ. ಯಾದಗಿರಿ ಕಡೆಯವರು, ತಂದೆ ಬಿಲ್ಡಿಂಗ್ ಕೆಲಸಕ್ಕೆ ಹೋಗುತ್ತಾರೆ. ಜೂನ್ ಕೊನೆಗೆ ಊರಿಂದ ವಾಪಸ್ ಬಂದ. ಅಷ್ಟರಲ್ಲಿ ಎರಡು ವಾರದ ಪಾಠ ಆಗಿಹೋಗಿತ್ತು. ಆಗಸ್ಟಿನ ಮೊದಲ ಗಣಿತದ ಟೆಸ್ಟಿನಲ್ಲಿ 20ಕ್ಕೆ 3. ಗಣಪತಿ ರಜೆ ಆದ ಮೇಲೆ ಬರಲೇ ಇಲ್ಲ. ಅವನ ಶಾಲೆಯವರು ಯಾರೂ ಮನೆಗೆ ಹೋಗಿರಲಿಲ್ಲ. ನಾವೂ ಊರಿಗೆ ಹೋಗಿರಬೇಕು ಅಂದುಕೊಂಡು ಸುಮ್ನೆ ಇದ್ದುಬಿಟ್ಟೆವು. ಡಿಸೆಂಬರಿನಲ್ಲಿ ಅವರ ಚಾಳ್‌ಗೆ, ಅಂದರೆ ಸಾಲುಮನೆಗೆ, ಹೋದಾಗ ಅವನು ಕೇಟರಿಂಗಿನವರ ಹತ್ತಿರ ತಟ್ಟೆ ತೊಳೆಯುವ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಅವನ ತಾಯಿ ಹೇಳಿದ್ದು ನನಗಿನ್ನೂ ನೆನಪಿದೆ: "ಮೊದಲ ನಾಕ್ ದಿನ ಜ್ವರ ಬಂದಿತ್ರೀ ಅಕ್ಕಾರ. ಆಮ್ಯಾಲ ಹ್ವಾದ್ರ ಬೈತಾರ ಅಂತ ಹೋಗಲೇ ಇಲ್ಲ."

ನಾಲ್ಕು ದಿನದ ಜ್ವರ. ಐದನೇ ದಿನ ಯಾರಾದರೂ ಬಾಗಿಲು ತಟ್ಟಿ "ಬಾರಪ್ಪಾ, ಯಾರೂ ಬೈಯಲ್ಲ" ಅಂದಿದ್ದರೆ ಸಾಕಿತ್ತು. ಆ ಯಾರಾದರೂ ನಾನೇ ಆಗಬಹುದಿತ್ತು.

ಅಲ್ಲಿಂದ ನಾವೊಂದು ರೂಢಿ ಮಾಡಿಕೊಂಡೆವು. ಸತತ ಮೂರನೇ ದಿನ ಮಗು ಬರಲಿಲ್ಲ ಅಂದರೆ ಅವತ್ತೇ ಸಂಜೆ ಮನೆಗೆ ಹೋಗಬೇಕು. ಫೋನಿನಲ್ಲಿ ಆಗುವ ಕೆಲಸ ಅಲ್ಲ ಇದು. ತಂದೆ-ತಾಯಿಯ ಸಿಮ್ ಆಗಾಗ ಬದಲಾಗುತ್ತದೆ, ಹಾಗಾಗಿ ಪಕ್ಕದ ಮನೆಯವರ ನಂಬರನ್ನೂ ಬರೆದಿಟ್ಟುಕೊಳ್ಳುತ್ತೇವೆ. ಬಿಡಿಬಿಡಿಯಾಗಿ ತಪ್ಪಿಸುವ ಮಕ್ಕಳ ಮೇಲೂ ಕಣ್ಣಿಡಬೇಕು. ವರ್ಷಕ್ಕೆ 220 ದಿನ ಶಾಲೆ ಅಂತ ಹಿಡಿದರೆ, ತಿಂಗಳಿಗೆ ಎರಡು ಮೂರು ದಿನ ತಪ್ಪಿದರೂ ಹತ್ತರಲ್ಲಿ ಒಂದು ಭಾಗದ ಪಾಠ ಹೋಯಿತು.

ಇದು ನನ್ನೊಬ್ಬಳ ಅನುಭವ ಅಷ್ಟೇ ಅಲ್ಲ. ಅಮೆರಿಕದ ಶಿಕಾಗೊದಲ್ಲಿ ಸರ್ಕಾರಿ ಹೈಸ್ಕೂಲಿಗೆ ಸೇರಿದವರಲ್ಲಿ ಸುಮಾರು ಅರ್ಧ ಜನ ಮಾತ್ರ ಮುಗಿಸುತ್ತಿದ್ದ ಕಾಲ ಒಂದಿತ್ತು. 2005ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಸಂಶೋಧಕರು ಒಂಬತ್ತನೇ ಕ್ಲಾಸಿನ ಲೆಕ್ಕ ತೆಗೆದರು. ಆ ವರ್ಷ ಹಳಿ ತಪ್ಪದ, ಅಂದರೆ ಹತ್ತಕ್ಕೆ ಹೋಗಲು ಬೇಕಾದಷ್ಟು ಪಾಸಾಗಿ ಮುಖ್ಯ ವಿಷಯಗಳಲ್ಲಿ ಒಂದಕ್ಕಿಂತ ಹೆಚ್ಚು ಫೇಲಾಗದ ಮಕ್ಕಳು ಹೈಸ್ಕೂಲ್ ಮುಗಿಸುವ ಸಾಧ್ಯತೆ ಹಳಿ ತಪ್ಪಿದವರಿಗಿಂತ ಮೂರೂವರೆ ಪಟ್ಟು ಜಾಸ್ತಿ ಇತ್ತು. ಶಾಲೆಗಳು ಒಂಬತ್ತನೆಯವರ ಹಾಜರಿ ಮತ್ತು ಅಂಕಗಳನ್ನು ಬಿಡದೆ ನೋಡಲು ಶುರುಮಾಡಿದವು. ಯಾವ ಮಗು ಜಾರುತ್ತಿದೆ ಅಂತ ಟೀಚರುಗಳು ಒಟ್ಟಿಗೆ ಕೂತು ಮಾತಾಡತೊಡಗಿದರು. ಹಳಿಯ ಮೇಲಿದ್ದ ಮಕ್ಕಳು 2007ರಲ್ಲಿ ಶೇ. 57 ಇದ್ದರು, 2013ರಲ್ಲಿ ಶೇ. 82 ಆದರು. ಮುಂದಿನ ವರ್ಷಗಳಲ್ಲಿ ಹೈಸ್ಕೂಲ್ ಮುಗಿಸುವವರೂ ಹೆಚ್ಚಿದರು.

ಕರೆತಂದು ಕೂರಿಸಿದ ಮೇಲೆ ಏನು ಕಲಿಸುವುದು? ಮೊದಲ ವಾರವೇ ಎರಡು ಪುಟ್ಟ ಪರೀಕ್ಷೆ ಮಾಡಿ. ಎರಡನೇ ಕ್ಲಾಸಿನ ಒಂದು ಪಾಠ ಓದಿಸಿ, ಒಂದು ಭಾಗಾಕಾರ ಕೊಡಿ. ಅವಮಾನ ಆಗದ ಹಾಗೆ, ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಮಾಡಿ. ದೇಶದ ಹಳ್ಳಿಗಳಲ್ಲಿ 14ರಿಂದ 18 ವರ್ಷದವರ ಬಗ್ಗೆ 2023ರಲ್ಲಿ ನಡೆದ ಅಸರ್ ಎಂಬ ಶಿಕ್ಷಣ ಸಮೀಕ್ಷೆಯಲ್ಲಿ ಸುಮಾರು ಕಾಲುಭಾಗ ಮಕ್ಕಳಿಗೆ ತಮ್ಮ ಭಾಷೆಯಲ್ಲೇ ಎರಡನೇ ಕ್ಲಾಸಿನ ಪಾಠವನ್ನು ಸರಾಗವಾಗಿ ಓದಲು ಬರಲಿಲ್ಲ. ಅರ್ಧಕ್ಕಿಂತ ಹೆಚ್ಚು ಜನ ಭಾಗಾಕಾರದಲ್ಲಿ ತೊಡರಿದರು. ಇದರ ಹಿಂದಿರುವ ಪ್ರಥಮ್ ಸಂಸ್ಥೆ 1995ರ ಹೊತ್ತಿಗೆ ಹುಟ್ಟಿದ್ದು ನಮ್ಮ ಮುಂಬಯಿಯ ಕೊಳೆಗೇರಿಗಳಲ್ಲೇ. ಕ್ಲಾಸ್ ಯಾವುದೇ ಇರಲಿ, ಮಗು ಎಲ್ಲಿದೆಯೋ ಅಲ್ಲಿಂದ ಹಿಡಿದು ಕಲಿಸಿ ಅನ್ನುವುದು ಅವರ ದಾರಿ. ಭಾಗಾಕಾರ ಬಾರದವನಿಗೆ ಬೀಜಗಣಿತ ಹೇಳಿದರೆ ಅವನು ಬೋರ್ಡ್ ನೋಡಿ ಕಾಪಿ ಮಾಡುತ್ತಾನೆ ಅಷ್ಟೇ. ಜೂನ್, ಜುಲೈ ಪೂರ್ತಿ ಇದಕ್ಕೇ ಹೋದರೂ ಹೋಗಲಿ.

ಜೊತೆಗೆ ತಿನ್ನಲು ಏನಾದರೂ ಕೊಡಿ. ಅವಲಕ್ಕಿ, ಬಾಳೆಹಣ್ಣು, ಏನಾದರೂ ಸರಿ. ಮುಂಬಯಿಯ ರಾತ್ರಿ ಶಾಲೆಗಳ ಜೊತೆ 2008ರಿಂದ ಕೆಲಸ ಮಾಡುತ್ತಿರುವ ಮಾಸೂಮ್ ಸಂಸ್ಥೆ ಪಾಠದ ಜೊತೆ ಸಂಜೆಯ ತಿಂಡಿಯನ್ನೂ ಕೊಡುತ್ತದೆ. ಹಗಲೆಲ್ಲ ದುಡಿದ ಹುಡುಗ ಹಸಿದ ಹೊಟ್ಟೆಯಲ್ಲಿ ಎಷ್ಟು ಹೊತ್ತು ಕೂತಾನು? ಇದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ತುಳುನಾಡಿನ ಹುಡುಗರು ಮುಂಬಯಿಯ ಫೋರ್ಟ್ ಪ್ರದೇಶದ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿಯೇ ಮೇಲೆ ಬಂದದ್ದು.

ಇನ್ನೊಂದು ಮಾತು. ಯಾವ ಶಾಲೆಯವರಾದರೂ "ನಮ್ಮದು ನೂರಕ್ಕೆ ನೂರು ರಿಸಲ್ಟ್" ಅಂದರೆ, ಆ ಮಕ್ಕಳು ಎಂಟರಲ್ಲಿದ್ದಾಗ ಎಷ್ಟು ಜನ ಇದ್ದರು ಅಂತ ಕೇಳಿ. ಹತ್ತರ ರಿಸಲ್ಟ್ ಕೆಡಬಾರದು ಅಂತ ಒಂಬತ್ತರಲ್ಲೇ ಫೇಲ್ ಮಾಡಿ ನಿಲ್ಲಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. 40 ಜನರಲ್ಲಿ 22 ಜನ ಪರೀಕ್ಷೆಗೆ ಕೂತು 22 ಜನವೂ ಪಾಸಾದರೆ ಅದು ನೂರಕ್ಕೆ ನೂರು ಹೇಗಾಗುತ್ತದೆ?

ಈಗಾಗಲೇ ಬಿಟ್ಟುಹೋದವರಿಗೂ ದಾರಿ ಇದೆ. ಹತ್ತರಲ್ಲಿ ಒಂದೆರಡು ವಿಷಯ ಹೋದರೆ ಎಟಿಕೆಟಿ ಮೇಲೆ, ಅಂದರೆ ಉಳಿದ ವಿಷಯ ಆಮೇಲೆ ಪಾಸು ಮಾಡಿಕೊಳ್ಳುವ ಷರತ್ತಿನ ಮೇಲೆ, ಹನ್ನೊಂದಕ್ಕೆ ಸೇರಬಹುದು. ಮರುಪರೀಕ್ಷೆಗೆ ವರ್ಷಗಟ್ಟಲೆ ಕಾಯಬೇಕಾಗಿಲ್ಲ, ಬೇಸಿಗೆ ಕಳೆಯುವಷ್ಟರಲ್ಲಿ ಅದು ನಡೆಯುತ್ತದೆ. ಶಾಲೆಯನ್ನೇ ಬಿಟ್ಟವರು ಬೋರ್ಡಿನ 17 ನಂಬರ್ ಫಾರ್ಮ್ ತುಂಬಿ ಹತ್ತರ ಪರೀಕ್ಷೆಗೆ ಖಾಸಗಿಯಾಗಿ ಕೂರಬಹುದು. ಅದಕ್ಕೆ ಹಳೆಯ ಶಾಲೆಯ ಲೀವಿಂಗ್ ಸರ್ಟಿಫಿಕೇಟ್ ಬೇಕು. ಎಷ್ಟೋ ಮನೆಯವರು ಅದನ್ನು ತರಲು ಹೆದರುತ್ತಾರೆ. ಸಂಘದವರು ಯಾರಾದರೂ ಜೊತೆಗೆ ಹೋದರೆ ಕೆಲಸ ಬೇಗ ಆಗುತ್ತದೆ.

ಆ ಹುಡುಗನಿಗೆ ನಾವು ಮಾಡಿಸಿದ್ದು ಅದನ್ನೇ. ಈಗ ಕೆಲಸ ಮುಗಿಸಿ ಎಂಟು ಗಂಟೆಗೆ ಬರುತ್ತಾನೆ, ಕೈಯಲ್ಲಿ ಇನ್ನೂ ಸೋಪಿನ ವಾಸನೆ ಇರುತ್ತದೆ. ಕಳೆದ ವಾರ ಭಿನ್ನರಾಶಿ ಶುರುಮಾಡಿದ್ದೇವೆ.