ಕೊಳಗದಿಂದ ಹಕ್ಕುಪತ್ರದವರೆಗೆ: ಸಾಗರದ ಮತದಾರರು ನಡೆದು ಬಂದ ದಾರಿ

ಶಿವಮೊಗ್ಗ ಜಿಲ್ಲೆಯ ಸಾಗರ ಕ್ಷೇತ್ರದಲ್ಲಿ 2004 ಮತ್ತು 2008ರಲ್ಲಿ ಬಿಜೆಪಿಯಿಂದ ಗೆದ್ದಿದ್ದ ಗೋಪಾಲಕೃಷ್ಣ ಬೇಳೂರು ಅವರು 2023ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದು ಬಂದರು. ನಡುವೆ 2013ರಲ್ಲಿ ಕಾಂಗ್ರೆಸ್ಸಿನ ಕಾಗೋಡು ತಿಮ್ಮಪ್ಪ, 2018ರಲ್ಲಿ ಬಿಜೆಪಿಯ ಹರತಾಳು ಹಾಲಪ್ಪ ಶಾಸಕರಾಗಿದ್ದರು. ದೂರದಿಂದ ನೋಡುವವರು ಈ ಅಡಿಕೆ ಪೇಟೆಗೆ ಸ್ಥಿರವಾದ ನಿಲುವಿಲ್ಲವೆಂದೋ, ಎಲ್ಲವೂ ಜಾತಿಯ ಲೆಕ್ಕವೆಂದೋ ಹೇಳುವುದುಂಟು. ಆದರೆ ಈ ಮೂವರೂ ಈಡಿಗ ಸಮುದಾಯದವರೇ ಆಗಿರುವುದರಿಂದ, ಯಾರು ಯಾವಾಗ ಏಕೆ ಗೆದ್ದರೆಂಬುದನ್ನು ಜಾತಿಯೊಂದೇ ವಿವರಿಸಲಾರದು. ನನ್ನ ತಿಳಿವಳಿಕೆಯಲ್ಲಿ ಇಲ್ಲಿನ ಮತದ ಬೇರು ನೆಲದ ಪ್ರಶ್ನೆಯಲ್ಲಿದೆ, ಮತ್ತು ಆ ಪ್ರಶ್ನೆ ಕಾಗೋಡು ಎಂಬ ಹಳ್ಳಿಯಿಂದ ಆರಂಭವಾಗುತ್ತದೆ.

ಕಾಗೋಡಿನಲ್ಲಿ ಉಳುವವರು ಹೆಚ್ಚಾಗಿ ಈಡಿಗರ ಪಂಗಡವಾದ ದೀವರು, ಗದ್ದೆ ಜಮೀನ್ದಾರ ಒಡೆಯರದ್ದು. ಗೇಣಿಯ ಭತ್ತವನ್ನು ಅಳೆಯಲು ಒಡೆಯರ ಮನೆಯಲ್ಲಿ ಬಳಸುತ್ತಿದ್ದ ಕೊಳಗ ಎಂಬ ಅಳತೆಯ ಪಾತ್ರೆ ರೂಢಿಯ ಅಳತೆಗಿಂತ ದೊಡ್ಡದು ಎಂಬುದು ಗೇಣಿದಾರರ ಮುಖ್ಯ ದೂರಾಗಿತ್ತು. ವರ್ಷವಿಡೀ ದುಡಿದು ಬೆಳೆದ ಭತ್ತ ಅಳತೆಯ ಹೆಸರಿನಲ್ಲೇ ಕೈಬಿಟ್ಟು ಹೋಗುವುದನ್ನು ಕಣ್ಣೆದುರು ಕಂಡ ಕುಟುಂಬಗಳಿಗೆ ಅನ್ಯಾಯವೆಂದರೇನೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಎಚ್. ಗಣಪತಿಯಪ್ಪನವರು ಈ ರೈತರನ್ನು ಸಂಘಟಿಸಿದರು. 1951ರ ಏಪ್ರಿಲ್‌ನಲ್ಲಿ ಗೇಣಿದಾರರು ತಡೆಯನ್ನು ಲೆಕ್ಕಿಸದೆ ಗದ್ದೆಗಿಳಿದು ಬಂಧನಕ್ಕೊಳಗಾದರು. ಸಮಾಜವಾದಿ ಪಕ್ಷ ಹೋರಾಟವನ್ನು ಕೈಗೆತ್ತಿಕೊಂಡಿತು. ಜೂನ್‌ನಲ್ಲಿ ಆ ಪಕ್ಷದ ರಾಷ್ಟ್ರೀಯ ನಾಯಕ ರಾಮಮನೋಹರ ಲೋಹಿಯಾ ಅವರೇ ಬಂದು ಸತ್ಯಾಗ್ರಹದಲ್ಲಿ ಪಾಲ್ಗೊಂಡು ಬಂಧಿತರಾದರು.

ಮರುವರ್ಷವೇ ಮೊದಲ ಸಾರ್ವತ್ರಿಕ ಚುನಾವಣೆ ಬಂದಿತು. ಸಾಗರ-ಹೊಸನಗರ ಕ್ಷೇತ್ರದಲ್ಲಿ ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರು ಕಾಂಗ್ರೆಸ್ಸಿನ ಪ್ರಬಲ ಅಭ್ಯರ್ಥಿ ಎ.ಆರ್. ಬದರಿನಾರಾಯಣ ಅವರನ್ನು ಸೋಲಿಸಿದರು. ಸ್ವಾತಂತ್ರ್ಯ ತಂದ ಪಕ್ಷವೆಂಬ ಗೌರವ ನಾಡಿನುದ್ದಕ್ಕೂ ಕಾಂಗ್ರೆಸ್ಸಿಗಿದ್ದ ಕಾಲದಲ್ಲಿ, ಹಿಂದಿನ ವರ್ಷ ಗದ್ದೆಗಿಳಿದದ್ದಕ್ಕೆ ಜೈಲು ಕಂಡಿದ್ದ ಸೀಮೆಯ ಜನ ಬೇರೆ ದಾರಿ ಹಿಡಿದದ್ದು ಸಣ್ಣ ಸಂಗತಿಯಲ್ಲ. ಈ ಸಮಾಜವಾದಿ ಒಲವು ಸುತ್ತಲೂ ಉಳಿದುಕೊಂಡಿತು. ನೆರೆಯ ಸೊರಬದಿಂದ 1967ರಲ್ಲಿ, ಮುಂದೆ ಮುಖ್ಯಮಂತ್ರಿಯಾದ ಎಸ್. ಬಂಗಾರಪ್ಪ ಸಮಾಜವಾದಿಯಾಗಿ ಮೊದಲ ಸಲ ಆಯ್ಕೆಯಾದರು. ಸಾಗರದಿಂದ 1972ರಲ್ಲಿ ಕಾಗೋಡು ತಿಮ್ಮಪ್ಪ ಸಮಾಜವಾದಿಯಾಗಿಯೇ ಗೆದ್ದರು.

ಹೋರಾಟ ಕೇಳಿದ್ದನ್ನು ಕೊನೆಗೆ ಕಾನೂನಾಗಿಸಿದ್ದು ಮಾತ್ರ ಕಾಂಗ್ರೆಸ್ ಸರ್ಕಾರ. ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿ ಭೂಮಿಯ ಒಡೆತನ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದ ನೆಲ ತಮ್ಮ ಹೆಸರಿಗಾಗಲೆಂದು ಗೇಣಿದಾರರು ಫಾರಂ ನಂಬರ್ 7ರಲ್ಲಿ ಅರ್ಜಿ ಹಾಕಿ, ವಕೀಲರಿಗೆ ಪ್ರವೇಶವಿಲ್ಲದ ಭೂ ನ್ಯಾಯಮಂಡಳಿಯ ಎದುರು ತಾವೇ ನಿಂತು ಮಾತಾಡಿದರು. ಆಗ ಪಹಣಿಯಲ್ಲಿ ಹೆಸರು ಬಂದ ಮನೆಗಳಿಗೂ ಕಾಂಗ್ರೆಸ್ಸಿಗೂ ಬೆಳೆದ ನಂಟು ಬಲವಾದದ್ದು. ತಿಮ್ಮಪ್ಪನವರು ಆ ಪಕ್ಷ ಸೇರಿ 1989, 1994 ಮತ್ತು 1999ರಲ್ಲಿ ಸತತವಾಗಿ ಗೆದ್ದದ್ದರ ಹಿಂದೆ ಈ ನಂಟೂ ಕೆಲಸ ಮಾಡಿತ್ತೆಂದು ನಾನು ನಂಬುತ್ತೇನೆ.

ಆದರೆ ನೆಲ ಸಿಕ್ಕವರ ಮಕ್ಕಳಿಗೆ ಪ್ರಶ್ನೆ ಬದಲಾಗಿತ್ತು. ಹಿಸ್ಸೆಯಾಗಿ ಚಿಕ್ಕದಾದ ಗದ್ದೆ, ಅಡಿಕೆ ಧಾರಣೆಯ ಏರಿಳಿತ, ಸರ್ಕಾರಿ ನೆಲದಲ್ಲಿ ಮಂಜೂರಾತಿಯಿಲ್ಲದೆ ಮಾಡುವ ಬಗರ್‌ಹುಕುಂ ಸಾಗುವಳಿ ಇವೆಲ್ಲ ಹೊಸ ತಲೆಮಾರಿನ ಚಿಂತೆಗಳು. 2004ರಲ್ಲಿ ಬಂಗಾರಪ್ಪನವರು ಬಿಜೆಪಿ ಸೇರಿದಾಗ, ಅಲ್ಲಿಯವರೆಗೆ ಆ ಪಕ್ಷದ ಕಡೆ ತಿರುಗದಿದ್ದ ಹಿಂದುಳಿದ ವರ್ಗದ ಮತಕ್ಕೆ ಬಾಗಿಲು ತೆರೆಯಿತು. ಅದೇ ಚುನಾವಣೆಯಲ್ಲಿ ಬೇಳೂರು ತಮ್ಮ ಸೋದರಮಾವನಾದ ತಿಮ್ಮಪ್ಪನವರನ್ನೇ ಸೋಲಿಸಿದರು. ಬಂಗಾರಪ್ಪ ಮರುವರ್ಷವೇ ಬಿಜೆಪಿ ಬಿಟ್ಟರು. ತೆರೆದ ಬಾಗಿಲು ಮಾತ್ರ ಮುಚ್ಚಲಿಲ್ಲ.

ಇವೆಲ್ಲಕ್ಕಿಂತ ನೋವಿನ ಎಳೆ ಶರಾವತಿ ಮುಳುಗಡೆಯದು. ವಿದ್ಯುತ್ತಿಗಾಗಿ ಶರಾವತಿಗೆ ಕಟ್ಟಿ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಗಾಗಿ ಊರು ಬಿಟ್ಟವರಲ್ಲಿ ಅನೇಕರಿಗೆ ಕಾಡಿನಂಚಿನಲ್ಲಿ ನೆಲ ತೋರಿಸಲಾಯಿತೇ ಹೊರತು ದಾಖಲೆ ಸರಿಯಾಗಿ ಆಗಲಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ನಂತರ ಅಂಥ ಭೂಮಿಯನ್ನು ಬಿಟ್ಟುಕೊಡಲು ಕೇಂದ್ರದ ಪೂರ್ವಾನುಮತಿ ಬೇಕಾಯಿತು. 2006ರ ಅರಣ್ಯ ಹಕ್ಕು ಕಾಯ್ದೆಯೂ ಇವರ ನೆರವಿಗೆ ಬರಲಿಲ್ಲ: ಬುಡಕಟ್ಟಿಗೆ ಸೇರದವರು 2005ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ ಅರಣ್ಯದಲ್ಲಿ ವಾಸವಿದ್ದುದನ್ನು ತೋರಿಸಬೇಕೆಂದು ಅದು ಕೇಳುತ್ತದೆ. ಅರವತ್ತರ ದಶಕದಲ್ಲಿ ಸರ್ಕಾರವೇ ಎಬ್ಬಿಸಿ ತಂದು ಕೂರಿಸಿದವರು ಆ 75 ವರ್ಷವನ್ನು ಎಲ್ಲಿಂದ ತರಬೇಕು? ನಾಡಿಗೆ ಬೆಳಕು ಕೊಟ್ಟವರನ್ನು ಒತ್ತುವರಿದಾರರೆಂದು ಕರೆಯುವ ಸ್ಥಿತಿ ಬಂದದ್ದು ಅಕ್ಷಮ್ಯ. ತಿಮ್ಮಪ್ಪನವರು 2016ರಲ್ಲಿ ಕಂದಾಯ ಸಚಿವರಾದಾಗ ಹಕ್ಕುಪತ್ರದ ಆಸೆ ಮತ್ತೆ ಚಿಗುರಿತು. ಆದರೂ 2018ರಲ್ಲಿ ಅವರು ಸೋತರು. ನಾಯಕನ ಮೇಲಿನ ಗೌರವವೂ ಕೈಗೆ ಬಾರದ ಪತ್ರದ ಬೇಸರವೂ ಒಂದೇ ಮನೆಯಲ್ಲಿ ಇರಬಲ್ಲವು.

ಲೋಕಸಭೆಯ ಲೆಕ್ಕ ಬೇರೆ. 2009ರಿಂದೀಚೆಗೆ ಶಿವಮೊಗ್ಗ ಲೋಕಸಭಾ ಕ್ಷೇತ್ರ ಉಪಚುನಾವಣೆಯೂ ಸೇರಿ ಪ್ರತಿಬಾರಿ ಬಿಜೆಪಿಯನ್ನೇ ಗೆಲ್ಲಿಸಿದೆ. ಶಾಸಕನನ್ನು ತಾಲ್ಲೂಕು ಕಚೇರಿಯ ಕೆಲಸಕ್ಕೂ ಸಂಸದನನ್ನು ರಸ್ತೆ, ರೈಲು, ದಿಲ್ಲಿಯ ಸರ್ಕಾರಕ್ಕೂ ಆರಿಸುವ ಎರಡು ಬಗೆಯ ಎಣಿಕೆ ಇಲ್ಲಿದೆ ಎನ್ನಬಹುದು. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ತೆರೆದ ಮೇಲೆ ಆಚೆ ದಡದ ತುಮರಿಯ ಕಡೆಯವರು ಲಾಂಚಿಗಾಗಿ ಕಾಯಬೇಕಿಲ್ಲ. ಸೇತುವೆ ದಾಟಿ ಸಾಗರದ ತಾಲ್ಲೂಕು ಕಚೇರಿಗೆ ಅವರು ತರುವ ಅರ್ಜಿ ಮಾತ್ರ ಅಪ್ಪ, ಅಜ್ಜಂದಿರು ಬರೆದದ್ದೇ.