ಹಗುರ ಆಂಪ್ಲಿಫಯರ್‌ಗೆ ಪವರ್ ಇರುತ್ತದಾ?

ಪ್ರಶ್ನೆ: ನಮ್ಮ ಭಜನಾ ಮಂದಿರಕ್ಕೆ ಹೊಸ ಆಂಪ್ಲಿಫಯರ್ ತೆಗೆದುಕೊಳ್ಳಬೇಕೆಂದಿದ್ದೇವೆ. ಭಜನೆಗೂ ವರ್ಷಕ್ಕೊಮ್ಮೆ ನಡೆಯುವ ಬಯಲಾಟಕ್ಕೂ ಅದೇ ಆಗಬೇಕು. ಅಂಗಡಿಯಲ್ಲಿ ತೋರಿಸಿದ ಕ್ಲಾಸ್ ಡಿ ಆಂಪ್ಲಿಫಯರನ್ನು ಒಂದು ಕೈಯಲ್ಲಿ ಎತ್ತಬಹುದು. ನಮ್ಮ ಹಳೆಯದಕ್ಕೆ ಇಬ್ಬರು ಬೇಕು. ಇಷ್ಟು ಹಗುರದ್ದಕ್ಕೆ ಪವರ್ ಇರುತ್ತದಾ? ಬಾಳಿಕೆ ಬರುತ್ತದಾ? (ಪೆರ್ಲದ ಓದುಗರೊಬ್ಬರು)

ಪವರ್ ಇರುತ್ತದೆ. ಬಾಳಿಕೆಯೂ ಬರುತ್ತದೆ, ಮಳೆಗಾಲದಲ್ಲಿ ಅದನ್ನು ನೀವು ಎಲ್ಲಿ ಇಡುತ್ತೀರಿ ಎನ್ನುವುದರ ಮೇಲೆ.

ಈ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ಬದಿಯಡ್ಕದಲ್ಲಿ ಕೇಳುತ್ತಾರೆ, ಮುಳ್ಳೇರಿಯದಲ್ಲಿ ಕೇಳುತ್ತಾರೆ, ಉಪ್ಪಳದ ಮೈಕ್‌ಸೆಟ್ಟಿನವರೂ ಕೇಳುತ್ತಾರೆ. ಉತ್ತರ ಹೇಳಿ ಮುಗಿಸುವಾಗ ಎದುರಿನವರು ತಲೆ ಅಲ್ಲಾಡಿಸಿ, ‘ಅದೆಲ್ಲ ಸರಿ ಮಾರಾಯ್ರೆ, ಆದರೂ ಸ್ವಲ್ಪ ತೂಕ ಬೇಕಲ್ಲ’ ಅನ್ನುತ್ತಾರೆ. ಹಾಗಾಗಿ ಈ ತೂಕದ ವಿಷಯವನ್ನು ಇವತ್ತು ಬುಡದಿಂದಲೇ ಹೇಳುತ್ತೇನೆ.

ಹಳಬರು ತೂಕ ನೋಡಿ ಕೊಂಡದ್ದು ತಪ್ಪಲ್ಲ. ಆಗಿನ ಆಂಪ್ಲಿಫಯರಿನ ತೂಕವೆಂದರೆ ಬಹುಪಾಲು ಟ್ರಾನ್ಸ್‌ಫಾರ್ಮರಿನ ತೂಕ. ನಮಗೆ ಬರುವ ಕರೆಂಟು ಸೆಕೆಂಡಿಗೆ 50 ಆವರ್ತದ್ದು, ಅಂದರೆ 50 ಹರ್ಟ್ಸ್. ಅಷ್ಟು ನಿಧಾನದ ಕರೆಂಟಿನಿಂದ ಸಾವಿರ ವಾಟ್ ದಾಟಿಸಬೇಕಾದರೆ ಟ್ರಾನ್ಸ್‌ಫಾರ್ಮರಿಗೆ ಕಿಲೋಗಟ್ಟಲೆ ಕಬ್ಬಿಣ, ತಾಮ್ರ ಬೇಕೇ ಬೇಕು. ತಾಮ್ರದಲ್ಲಿ ಉಳಿತಾಯ ಮಾಡಿದವನ ಆಂಪ್ಲಿಫಯರು ಹಗುರವೂ ಆಗುತ್ತಿತ್ತು, ಚೆಂಡೆ ಜೋರಾದಾಗ ಕುಸಿಯುತ್ತಲೂ ಇತ್ತು. ಆ ಕಾಲಕ್ಕೆ ತೂಕ ಒಳ್ಳೆಯ ಅಳತೆಯೇ ಆಗಿತ್ತು.

ಈಗಿನದರಲ್ಲಿ ಬೇರೆ ಕ್ರಮ. ತೋಟಕ್ಕೆ ನೀರು ಹೊರುವುದನ್ನು ನೆನೆಸಿಕೊಳ್ಳಿ. ನಿಮಿಷಕ್ಕೆ ಒಂದೇ ಸಲ ಬರುವವನ ಕೈಯಲ್ಲಿ ದೊಡ್ಡ ಕೊಡಪಾನ ಇರಬೇಕು. ಅದೇ ನಿಮಿಷದಲ್ಲಿ ಅರುವತ್ತು ಸಲ ಎತ್ತಿ ಹೊಯ್ಯಬಲ್ಲವನಿಗೆ ಚೆಂಬು ಸಾಕು. ಅಡಿಕೆ ಮರದ ಬುಡಕ್ಕೆ ಬೀಳುವ ನೀರು ಎರಡರಲ್ಲೂ ಒಂದೇ. ಎಸ್‌ಎಂಪಿಎಸ್ ಎಂಬ ಈಗಿನ ಪವರ್ ಸಪ್ಲೈ ಮಾಡುವುದು ಈ ಚೆಂಬಿನ ಕೆಲಸ. ಅದು ಬಂದ ಕರೆಂಟನ್ನು ಮೊದಲು ಡಿಸಿ ಮಾಡಿ, ಆಮೇಲೆ ಸೆಕೆಂಡಿಗೆ ಲಕ್ಷ ಸಲದ ಆಸುಪಾಸಿನಲ್ಲಿ ಕತ್ತರಿಸಿ ಟ್ರಾನ್ಸ್‌ಫಾರ್ಮರಿಗೆ ಕೊಡುತ್ತದೆ. 50 ಎಲ್ಲಿ, ಒಂದು ಲಕ್ಷ ಎಲ್ಲಿ? ಎರಡು ಸಾವಿರ ಪಟ್ಟು. ಒಂದೊಂದು ಸಲಕ್ಕೆ ಹೊರಬೇಕಾದ ಶಕ್ತಿ ಅಷ್ಟು ಕಡಿಮೆಯಾದಾಗ, ಅಂಗೈಯಲ್ಲಿ ಹಿಡಿಸುವ ಫೆರೈಟ್ ಟ್ರಾನ್ಸ್‌ಫಾರ್ಮರು ಹಳೆಯ ಹತ್ತು ಕಿಲೋದ್ದರ ಕೆಲಸ ಮಾಡುತ್ತದೆ.

ಉಳಿದ ತೂಕ ಹೀಟ್‌ಸಿಂಕಿನದು. ಹಳೆಯ ಕ್ಲಾಸ್ ಎಬಿ ಆಂಪ್ಲಿಫಯರಿನ ಔಟ್‌ಪುಟ್ ಟ್ರಾನ್ಸಿಸ್ಟರು ಅರ್ಧ ತಿರುಗಿಸಿದ ನಳ್ಳಿಯ ಹಾಗೆ ಕೆಲಸ ಮಾಡುತ್ತದೆ. ತಡೆಹಿಡಿದದ್ದೆಲ್ಲ ಶಾಖವಾಗುತ್ತದೆ. ಆ ಶಾಖ ಹೊರಹಾಕಲು ಅಷ್ಟು ಅಲ್ಯುಮಿನಿಯಂ ಬೇಕು. ಕ್ಲಾಸ್ ಡಿಯಲ್ಲಿ ಆ ಟ್ರಾನ್ಸಿಸ್ಟರು ಪೂರ್ತಿ ತೆರೆದಿರುತ್ತದೆ, ಇಲ್ಲವೇ ಪೂರ್ತಿ ಮುಚ್ಚಿರುತ್ತದೆ. ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಹೀಗೆ ತೆರೆದು ಮುಚ್ಚುವ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡಿ ಧ್ವನಿಯ ಅಲೆಯನ್ನು ಕಟ್ಟುತ್ತದೆ. ನಡುವಿನ ಸ್ಥಿತಿ ಇಲ್ಲವೆಂದ ಮೇಲೆ ಶಾಖವೂ ಸ್ವಲ್ಪವೇ. (ಡಿ ಎಂದರೆ ಡಿಜಿಟಲ್ ಅಲ್ಲ. ಎ, ಬಿ, ಸಿ ಆದ ಮೇಲಿನ ಅಕ್ಷರ, ಅಷ್ಟೆ.)

ಉದಾಹರಣೆ ಬೇಕಾದರೆ ಕ್ರೌನ್ ಎಕ್ಸ್‌ಎಲ್‌ಎಸ್ 1502 ನೋಡಿ. ತೂಕ ಸುಮಾರು 4 ಕಿಲೋ. ಸ್ಪೀಕರಿನ ರೋಧ 8 ಓಮ್ ಆದರೆ ಒಂದೊಂದು ಚಾನೆಲ್ಲಿಗೆ 300 ವಾಟ್, 4 ಓಮ್‌ನಲ್ಲಿ 525. ಭಜನಾ ಮಂದಿರಕ್ಕೆ ಇದು ಧಾರಾಳ.

ಇಷ್ಟಾದ ಮೇಲೂ ತೂಕವೇ ಬೇಕೆನ್ನುವವರಿಗೆ ನಾನು ಒಂದು ಕಬ್ಬಿಣದ ಪಟ್ಟಿ ತೋರಿಸುತ್ತೇನೆ. ಕೆಲವು ವರ್ಷದ ಹಿಂದೆ ರಿಪೇರಿಗೆ ಬಂದ ಆಂಪ್ಲಿಫಯರೊಂದರ ತಳಕ್ಕೆ ನಾಲ್ಕು ಬೋಲ್ಟಿನಲ್ಲಿ ಕೂರಿಸಿದ್ದದ್ದು ಅದು. ಯಾವ ವಯರೂ ಅದಕ್ಕೆ ಹೋಗುತ್ತಿರಲಿಲ್ಲ. ಕೊಳ್ಳುವವರು ಎತ್ತಿ ನೋಡುತ್ತಾರೆಂದು ಮಾಡಿದವನಿಗೆ ಗೊತ್ತಿತ್ತು. ತಂದವರು ಒಂದು ಯುವಕ ಸಂಘದ ಹುಡುಗರು, ದೇಣಿಗೆ ಎತ್ತಿ ಕೊಂಡದ್ದು. ಆ ಹುಡುಗರ ಮುಖ ನೆನಪಾದಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಹಾಗಾದರೆ ಪವರನ್ನು ಅಳೆಯುವುದು ಹೇಗೆ? ಪೆಟ್ಟಿಗೆಯ ಮೇಲಿನ ದೊಡ್ಡ ಅಂಕೆ ಬಿಟ್ಟುಬಿಡಿ. ಪಿಎಂಪಿಒ (ಜಾಹೀರಾತಿಗೆಂದು ಉಬ್ಬಿಸಿದ ವಾಟ್) ಎಂದಿದ್ದರೆ ಓದಲೇ ಬೇಡಿ. ಪೀಕ್ ಎಂದಿದ್ದರೆ ಅರ್ಧ ಮಾಡಿ. ಎಷ್ಟು ಓಮ್‌ಗೆ, ಎರಡೂ ಚಾನೆಲ್ ಒಟ್ಟಿಗೆ ನಡೆಯುವಾಗಲೋ ಎರಡನ್ನೂ ಒಂದಾಗಿಸಿ ಬ್ರಿಡ್ಜ್ ಮಾಡಿಯೋ ಎಂದು ಬರೆಯದ ವಾಟಿಗೆ ಬೆಲೆ ಇಲ್ಲ. ನಾನು ಮಾಡುವುದಿಷ್ಟು: 8 ಓಮ್‌ನ ಡಮ್ಮಿ ಲೋಡ್ (ಸ್ಪೀಕರಿನ ಬದಲಿಗೆ ಜೋಡಿಸುವ ರೆಸಿಸ್ಟರು) ಕೊಟ್ಟು, ಅಲೆಯ ತಲೆ ಚಪ್ಪಟೆಯಾಗುವ ಮೊದಲು ಎಷ್ಟು ವೋಲ್ಟ್ ಬರುತ್ತದೆಂದು ನೋಡುತ್ತೇನೆ. 40 ವೋಲ್ಟ್ ಬಂದರೆ 40ನ್ನು 40ರಿಂದ ಗುಣಿಸಿ 8ರಿಂದ ಭಾಗಿಸಿ, 200 ವಾಟ್. ಡಮ್ಮಿ ಲೋಡ್ ಇಲ್ಲದವರು ಹಿಂದಿನ ಫ್ಯೂಸನ್ನಾದರೂ ನೋಡಿ. 10 ಆಂಪಿಯರ್ ಫ್ಯೂಸ್ ಇದ್ದರೆ 230 ವೋಲ್ಟಿಗೆ ಒಳಗೆ ನಿರಂತರ ಹೋಗುವುದು 2300 ವಾಟ್. ಚೆಂಡೆಯ ಒಂದು ಪೆಟ್ಟಿಗೆ ಕ್ಷಣಮಾತ್ರ ಅದಕ್ಕಿಂತ ಹೆಚ್ಚು ಕೊಡಬಹುದು, ಕೆಪಾಸಿಟರಿನಲ್ಲಿ ದಾಸ್ತಾನು ಇರುತ್ತದೆ. ಆದರೆ ಎಡೆಬಿಡದೆ 10,000 ಕೊಡುತ್ತೇನೆಂದರೆ ಅದು ಸುಳ್ಳು.

ಇನ್ನು ಬಾಳಿಕೆ. ಇಲ್ಲಿ ಹಳೆಯದರ ಪರವಾಗಿ ಒಂದು ಮಾತು ಹೇಳದಿದ್ದರೆ ಅನ್ಯಾಯ. ಹಳೆಯ ಆಂಪ್ಲಿಫಯರು ಸುಟ್ಟರೆ 5200, 1943 ನಂಬರಿನ ಜೋಡಿ ಟ್ರಾನ್ಸಿಸ್ಟರು ಬದಲಿಸಿ ಸಂಜೆಯ ಕಾರ್ಯಕ್ರಮಕ್ಕೆ ಕಳಿಸಿದ್ದುಂಟು. ಹೊಸದರಲ್ಲಿ ಸಾಸಿವೆಯಂಥ ಬಿಡಿಭಾಗಗಳು, ಹೆಚ್ಚಾಗಿ ಇಡೀ ಬೋರ್ಡನ್ನೇ ಬದಲಿಸಬೇಕು. ಆದ್ದರಿಂದ ಬೋರ್ಡ್ ಸಿಗುವ, ಸರ್ವಿಸ್ ಇರುವ ಕಂಪೆನಿಯದ್ದನ್ನೇ ಕೊಳ್ಳಿ. ಹೆಸರಾಂತ ಮಾದರಿಗಳ ನಕಲು ಕಾಲು ಬೆಲೆಗೆ ಸಿಗುತ್ತದೆ, ಕೆಟ್ಟ ದಿನ ಕೇಳುವವರಿಲ್ಲ.

ನನ್ನ ಮೇಜಿಗೆ ಬರುವ ಕ್ಲಾಸ್ ಡಿಗಳಲ್ಲಿ ಹೆಚ್ಚಿನವು ಪವರ್ ಸಾಲದೆ ಸತ್ತವಲ್ಲ. ಕೆಲವನ್ನು ಕೊಂದದ್ದು ನ್ಯೂಟ್ರಲ್, ಅಂದರೆ ಕರೆಂಟು ಮರಳಿ ಹೋಗುವ ವಯರು. ಬಯಲಿಗೆ ತ್ರೀಫೇಸ್ ಎಳೆದಾಗ, ಇಲ್ಲವೇ ಜನರೇಟರಿಗೆ ಬದಲಿಸುವಾಗ, ನ್ಯೂಟ್ರಲ್ ಸಡಿಲಾದರೆ 230 ಇರಬೇಕಾದಲ್ಲಿ 400ರ ಹತ್ತಿರ ಬರಬಹುದು. ಎಸ್‌ಎಂಪಿಎಸ್ ಆ ಕ್ಷಣವೇ ಹೋಗುತ್ತದೆ. ಪ್ಲಗ್ ಹಾಕುವ ಮೊದಲು ಮಲ್ಟಿಮೀಟರ್ ಹಿಡಿದು ನೋಡಿ, ಜನರೇಟರ್ ಶುರುವಾಗಿ ಸ್ಥಿರವಾದ ಮೇಲೆ ಮಾತ್ರ ಆನ್ ಮಾಡಿ. ಉಳಿದವನ್ನು ಕೊಂದದ್ದು ನಮ್ಮ ಮಳೆ. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮೈಕ್‌ಸೆಟ್ಟೂ ಮೂಲೆ ಸೇರುತ್ತದೆ. ನಾಲ್ಕು ತಿಂಗಳ ತೇವ, ಒಳಗೆ ಗೂಡು ಕಟ್ಟುವ ಇರುವೆ, ಫ್ಯಾನಿಗೆ ಅಂಟಿದ ಧೂಳು ಸೇರಿ ಬೋರ್ಡಿನ ಮೇಲೆ ಹಸಿರು ಹಿಡಿಯುತ್ತದೆ. ದೀಪಾವಳಿ ಕಳೆದು ಆನ್ ಮಾಡಿದರೆ ಒಂದು ಸದ್ದು, ಸುಟ್ಟ ವಾಸನೆ. ಜಡಿಮಳೆಯ ಆಟಿ ತಿಂಗಳಲ್ಲೂ ವಾರಕ್ಕೆ ಅರ್ಧ ಗಂಟೆ ಆನ್ ಮಾಡಿ ಇಡಿ. ನೆಲದ ಮೇಲೆ, ಗೋಡೆಗೆ ತಾಗಿಸಿ ಇಡಬೇಡಿ.

ನೀವು ಕೇಳಿಲ್ಲ, ಆದರೆ ಬಯಲಾಟ ಎಂದಿರಿ, ಅದಕ್ಕೆ ಇನ್ನೂ ಸ್ವಲ್ಪ ಹೇಳುತ್ತೇನೆ. 500 ವಾಟಿನಿಂದ 1000ಕ್ಕೆ ಹೋದರೆ ಸಿಗುವುದು 3 ಡೆಸಿಬೆಲ್. ಹೆಚ್ಚಿನವರಿಗೆ ಅದು ‘ಸ್ವಲ್ಪ ಜೋರಾಯಿತು’ ಎನ್ನುವಷ್ಟೆ. 95 ಡೆಸಿಬೆಲ್ ಸೆನ್ಸಿಟಿವಿಟಿಯ (ಒಂದು ವಾಟಿಗೆ ಒಂದು ಮೀಟರಿನಲ್ಲಿ ಕೊಡುವ ಸದ್ದು) ಬಾಕ್ಸಿನ ಬದಲು 101ರದ್ದು ತಂದರೆ ಅದೇ ಆಂಪ್ಲಿಫಯರು ನಾಲ್ಕು ಪಟ್ಟು ಪವರಿನದ್ದರ ಹಾಗೆ ಕೇಳುತ್ತದೆ. ಭಾಗವತರ ಪದ ಕೇಳುವುದಿಲ್ಲ ಎಂಬ ದೂರಿಗಂತೂ ವಾಟ್ ಮದ್ದೇ ಅಲ್ಲ. ಅವರ ಮೈಕಿಗೆ ಪಕ್ಕದ ಚೆಂಡೆಯೂ ಬೀಳುತ್ತಿರುತ್ತದೆ. ವಾಲ್ಯೂಮ್ ಏರಿಸಿದರೆ ಪದ, ಚೆಂಡೆ ಎರಡೂ ಏರುತ್ತವೆ, ಮೈಕ್ ಕೂಗುತ್ತದೆ. ಮೈಕನ್ನು ಬಾಯಿಗೆ ಅರ್ಧ ದೂರಕ್ಕೆ ತನ್ನಿ, ಖರ್ಚಿಲ್ಲದೆ ಪದಕ್ಕೆ 6 ಡೆಸಿಬೆಲ್ ಸಿಗುತ್ತದೆ.

ಬಾಕ್ಸಿನಿಂದ ದೂರ ಇಮ್ಮಡಿಯಾದ ಹಾಗೆಲ್ಲ ಬಯಲಿನಲ್ಲಿ 6 ಡೆಸಿಬೆಲ್ ಹೋಗುತ್ತದೆ. 5 ಮೀಟರಿನಲ್ಲಿ ಕೂತ ಮಕ್ಕಳು ಕಿವಿ ಮುಚ್ಚುವಾಗ 40 ಮೀಟರಿನಲ್ಲಿ ಕೂತ ಅಜ್ಜನಿಗೆ 18 ಡೆಸಿಬೆಲ್ ಕಡಿಮೆ. ಎದುರಿನ ಬಾಕ್ಸನ್ನು ಜೋರು ಮಾಡುವ ಬದಲು ಸಭೆಯ ನಡುವಿಗೆ ಎರಡು ಸಣ್ಣ ಬಾಕ್ಸ್ ಇಡಿ. ವೇದಿಕೆಯಿಂದ 20 ಮೀಟರ್ ದೂರ ಇಟ್ಟರೆ ಮಿಕ್ಸರಿನಲ್ಲಿ ಅವಕ್ಕೆ ಸುಮಾರು 60 ಮಿಲಿಸೆಕೆಂಡ್ ಡಿಲೇ ಕೊಡಿ, ಇಲ್ಲದಿದ್ದರೆ ವೇಷಧಾರಿಯ ಒಂದೊಂದು ಮಾತೂ ಎರಡೆರಡು ಸಲ ಕೇಳಿದ ಹಾಗಾಗುತ್ತದೆ. ಡಿಲೇ ಇಲ್ಲದ ಮಿಕ್ಸರಾದರೆ ನಡುವಿನ ಬಾಕ್ಸ್ ಬೇಡ. ಎದುರಿನವನ್ನೇ ಎತ್ತರದ ಸ್ಟ್ಯಾಂಡಿಗೆ ಏರಿಸಿ, ಮೂತಿಯನ್ನು ಹಿಂದಿನ ಸಾಲಿನ ಕಡೆಗೆ ತಿರುಗಿಸಿ.